ಹಾದಿಯ ದನ ಯಾರ ಹೊಣೆ?



ಮಕ್ತಲದಿಂದ ನಾರಾಯಣಪೇಟೆಗೆ, ಗದ್ವಾಲಕ್ಕೆ, ಇಲ್ಲವೇ ಕೃಷ್ಣೆ ದಾಟಿ ರಾಯಚೂರಿಗೆ ಹೋಗುವ ನಾವೆಲ್ಲರೂ ರಸ್ತೆಯ ಮೇಲೆ ಮಲಗಿದ ದನಗಳನ್ನು ಕಂಡವರೇ. ಮಳೆಗಾಲದಲ್ಲಿ ಹೊಲ ಕೆಸರು, ಡಾಂಬರು ಬೆಚ್ಚಗೆ. ಕತ್ತಲಲ್ಲಿ ಕರಿ ಎಮ್ಮೆ ತೀರಾ ಹತ್ತಿರ ಬರುವವರೆಗೂ ಕಾಣದು. ಬೈಕಿನವನ ಪ್ರಾಣ ಹೋದರೆ ತಪ್ಪು ಯಾರದು?

ವಿಮೋಚನಾಕಾಂಡದ 21ನೇ ಅಧ್ಯಾಯ ಹಾಯುವ ಎತ್ತಿನ ವಿಷಯದಲ್ಲಿ ಇದನ್ನೇ ವಿಚಾರಿಸುತ್ತದೆ. ಎತ್ತಿನ ಗುಣ ತಿಳಿಯದಿದ್ದ ಒಡೆಯ ನಿರ್ದೋಷಿ; ಎಚ್ಚರಿಸಿದ ಮೇಲೂ ಕಟ್ಟಿಹಾಕದವನು ಅಪರಾಧಿ. ತಿಳಿದಲ್ಲಿಗೆ ಹೊಣೆಯೂ ಬಂತು. ರಸ್ತೆಯಲ್ಲಿ ಅಲೆಯುವ ದನವನ್ನು ಕೊಂಡವಾಡಕ್ಕೆ ಹಾಕಿ ಒಡೆಯನಿಂದ ದಂಡ ವಸೂಲು ಮಾಡಲು ನಮ್ಮ ದೇಶದ 1871ರ ಕಾಯ್ದೆಯಲ್ಲೂ ಅವಕಾಶವಿದೆ.

ಒಡೆಯನ ಕಷ್ಟವೂ ಸುಳ್ಳಲ್ಲ. ಟ್ರ್ಯಾಕ್ಟರ್ ಬಂದ ಮೇಲೆ ಹೋರಿಗರುವಿಗೆ ಕೆಲಸವಿಲ್ಲ; ಹಾಲು ಬತ್ತಿದ ಆಕಳಿಗೂ ಮೇವು ಬೇಕೇ ಬೇಕು. ಆದರೆ ನಮ್ಮ ಬಡತನದ ಬೆಲೆಯನ್ನು ದಾರಿಹೋಕನ ಮನೆಯವರು ತೆರಬೇಕೆಂಬುದು ನ್ಯಾಯವಲ್ಲ.

ಹಾಗಾದರೆ ದನವಿಲ್ಲದ ನಾವು ಪಾರಾದೆವೇ? ಅದೇ ಗ್ರಂಥದ 23ನೇ ಅಧ್ಯಾಯ, ಹಗೆಯ ಎತ್ತು ತಪ್ಪಿಸಿಕೊಂಡದ್ದು ಕಂಡರೂ ಅವನಿಗೆ ಮರಳಿ ಒಪ್ಪಿಸಬೇಕೆನ್ನುತ್ತದೆ. ತಪ್ಪು ಯಾರದೆಂದು ಅಲ್ಲಿ ಕೇಳುವುದಿಲ್ಲ. ಕಂಡವನಿಗೇ ಕೆಲಸ ಹೇಳುತ್ತದೆ. ಕಾಣುವುದೂ ತಿಳಿಯುವುದೇ ಅಲ್ಲವೇ? ಹಾರ್ನ್ ಹೊಡೆದು ಬದಿಗೆ ಸರಿದು ಹೋದವರಿಗೆ ಹಿಂದೆ ಬರುವವನ ಅಪಾಯ ತಿಳಿದೇ ಇರುತ್ತದೆ.

ಆದ್ದರಿಂದ ಗಾಡಿಯನ್ನು ಸುರಕ್ಷಿತವಾಗಿ ಬದಿಗೆ ನಿಲ್ಲಿಸಿ ದನವನ್ನು ಕೆಳಗಿಳಿಸೋಣ. ಎದುರು ಬರುವವರಿಗೆ ದೀಪ ಮಿನುಗಿಸಿ ಎಚ್ಚರಿಸೋಣ. ಹತ್ತಿರದ ಊರಲ್ಲಿ ತಿಳಿಸೋಣ. ದನ ಸಾಕುವವರು ರಾತ್ರಿ ಕಟ್ಟಿಹಾಕಿ, ಕೊರಳಿಗೆ ಹೊಳೆಯುವ ಪಟ್ಟಿ ಹಾಕಲಿ. ಮೇವಿಲ್ಲದವರಿಗೆ ಮೇವಿದ್ದವರು ಒಂದು ಹೊರೆ ಕೊಡಲಿ. ನೆರೆಯವರ ಮೇಲಿನ ಪ್ರೀತಿ ದೇವಾಲಯದ ಬಾಗಿಲಲ್ಲೇ ನಿಲ್ಲದೆ ರಸ್ತೆಗೂ ಬರಲಿ.