ಹುಟ್ಟುತ್ತ ಅಣ್ಣತಮ್ಮಂದಿರು

“ಹುಟ್ಟುತ್ತ ಅಣ್ಣತಮ್ಮಂದಿರು, ಬೆಳೆಯುತ್ತ ದಾಯಾದಿಗಳು” ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ನೆನೆಯುವುದು ಹೊಲದ ಬದುವಿನ ಮೇಲೋ ನ್ಯಾಯಾಲಯದ ಜಗಲಿಯ ಮೇಲೋ ನಿಂತಾಗ. ಎಂದರೆ, ಕೆಡಬೇಕಾದುದೆಲ್ಲ ಕೆಟ್ಟು ಮುಗಿದ ಮೇಲೆ. ಆದಕಾರಣ ಅದನ್ನು ವಿಧಿಲಿಖಿತವೆಂಬಂತೆ ನುಡಿದು ನಿಟ್ಟುಸಿರಿಡುವುದು ರೂಢಿಯಾಗಿಬಿಟ್ಟಿದೆ. ಆದರೆ ಗಾದೆಯ ಮೊದಲ ಪಾದಕ್ಕೂ ಎರಡನೆಯದಕ್ಕೂ ನಡುವೆ, ಹಾಲುಹಲ್ಲು ಬಿದ್ದು ಮೀಸೆ ಮೂಡುವವರೆಗಿನ ಒಂದು ದೀರ್ಘಾವಧಿಯಿದೆ. ಆ ಅವಧಿಯ ಬಹುಭಾಗವನ್ನು ಮಕ್ಕಳು ಕಳೆಯುವುದು ಮನೆಯೊಳಗಿನ ಇಕ್ಕಟ್ಟಾದ ಒಂದು ಮಲಗುವ ಕೋಣೆಯಲ್ಲಿ. ಆ ಕೋಣೆಯನ್ನು ಅಣಿಗೊಳಿಸುವ ಗೃಹಸ್ಥನಿಗೆ ಗಾದೆ ಹೇಳುವ ಮಾತೇನು ಎಂಬುದೇ ಇಲ್ಲಿಯ ಜಿಜ್ಞಾಸೆ.

ಇದಕ್ಕೆ ಒಂದು ಪೂರ್ವಪಕ್ಷವುಂಟು. ಹಿಂದೆ ನಡುಮನೆಯಲ್ಲಿ ಸಾಲಾಗಿ ಚಾಪೆ, ಜಮಖಾನ ಹಾಸಿ ಮಕ್ಕಳೆಲ್ಲ ಒಟ್ಟಿಗೆ ಮಲಗುತ್ತಿದ್ದರು; ಬೆಳಗಾಗಿ ಹಾಸಿಗೆ ಸುತ್ತಿಟ್ಟರೆ ಯಾವ ಜಾಗವೂ ಯಾರದೂ ಆಗಿರುತ್ತಿರಲಿಲ್ಲ; ಪಾಲೆಂಬ ಭಾವವೇ ಹುಟ್ಟದ ಕಡೆ ದಾಯಾದಿತನ ಬಂದೀತೆಲ್ಲಿಂದ ಎಂಬುದು ಹಿರಿಯರ ವಾದ. ವಾದ ರಮ್ಯವಾದದ್ದೇ, ಆದರೆ ಬದುವಿನ ಮೇಲೆ ಬಡಿದಾಡಿದವರೂ ಅದೇ ನಡುಮನೆಯಲ್ಲಿ ಮಲಗಿ ಬೆಳೆದವರೇ ಅಲ್ಲವೆ? ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು, ಪಿತ್ರಾರ್ಜಿತದಲ್ಲಿ ಮಗನ ಹಕ್ಕು ಹುಟ್ಟಿನಿಂದಲೇ ಬರುವುದೆಂದು ಪ್ರತಿಪಾದಿಸಿದನು. ಮಗಳಿಗೂ ಆ ಹಕ್ಕು ಕರ್ನಾಟಕದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ ದೊರೆಯಿತು. ಹಾಗಾದರೆ ಒಡಹುಟ್ಟು, ಪಾಲಿನ ಹಕ್ಕು ಎರಡೂ ಒಂದೇ ಗಳಿಗೆಯಲ್ಲಿ ಜನಿಸತಕ್ಕವು. ಪಾಲು ಇರುವುದರಿಂದ ಜಗಳ ಬರುವುದಿಲ್ಲ, ಇರುವ ಪಾಲನ್ನು ಇಲ್ಲವೆಂದು ಮುಚ್ಚಿಡುವುದರಿಂದ ಬರುತ್ತದೆ.

ಈ ಸೂತ್ರವನ್ನು ಕೋಣೆಗೆ ಅನ್ವಯಿಸಿ ನೋಡೋಣ. ಎರಡು ಕೋಣೆಗಳುಳ್ಳ ಮನೆಯಲ್ಲಿ ಚಿಕ್ಕ ಕೋಣೆಗೆ ರಾಷ್ಟ್ರೀಯ ಕಟ್ಟಡ ಸಂಹಿತೆ ವಿಧಿಸುವ ಕನಿಷ್ಠ ವಿಸ್ತೀರ್ಣ 7.5 ಚದರ ಮೀಟರು, ಎಂದರೆ ಹೆಚ್ಚುಕಡಿಮೆ 8 ಅಡಿ ಅಗಲ, 10 ಅಡಿ ಉದ್ದ. ಮಕ್ಕಳ ಕೋಣೆಯೆಂದು ಬಿಟ್ಟುಕೊಡುವುದು ಬಹುಮಟ್ಟಿಗೆ ಇದನ್ನೇ. ಜಾಗ ಉಳಿಯಲೆಂದು ಒಂದರ ಮೇಲೊಂದು ಮಂಚವೇರಿಸುವುದು ಈಗಿನ ಉಪಾಯ. ಆದರೆ ಒಂಬತ್ತಡಿಯ ಸೂರಿನಿಂದ ಫ್ಯಾನು ಇಳಿಬಿದ್ದಿರುವ ನಮ್ಮ ಮನೆಗಳಲ್ಲಿ ಮೇಲಿನ ಮಂಚದಲ್ಲೆದ್ದು ಕುಳಿತ ಹುಡುಗ ಕೈಯೆತ್ತಿದರೆ ರೆಕ್ಕೆಗೆ ತಗುಲೀತು. ಅಲ್ಲದೆ ಮೇಲಿನದು ಸದಾ ಒಬ್ಬನ ಸಿಂಹಾಸನ, ಕೆಳಗಿನದು ಇನ್ನೊಬ್ಬನ ಸೆರೆಮನೆ. ಅದಕ್ಕಿಂತ, ಮೂರಡಿ ಅಗಲದ, ಆರೂಕಾಲಡಿ ಉದ್ದದ ಎರಡು ಮಂಚಗಳಲ್ಲಿ ಒಂದನ್ನು ಉದ್ದಗೋಡೆಗೂ ಮತ್ತೊಂದನ್ನು ಅಡ್ಡಗೋಡೆಗೂ ಒತ್ತಿ ಮೂಲೆಯಲ್ಲಿ ಕೂಡಿಸಿದರೆ ಎರಡೂ ಸಮಾನವಾಗಿ ನೆಲದ ಮೇಲೆಯೇ ನಿಲ್ಲುತ್ತವೆ. ಐದಡಿಗೆ ಏಳಡಿಯ ನೆಲವೂ ಉಳಿಯುತ್ತದೆ. ಅಡ್ಡಮಂಚದ ಕೊನೆಗೆ ಮಿಗುವ ಒಂದೂಮುಕ್ಕಾಲಡಿಯಲ್ಲಿ ಪುಸ್ತಕದ ಕಪಾಟು ಹಿಡಿಸುತ್ತದೆ.

ಇನ್ನು ವಿಭಾಗಕ್ರಮ. ದಿಂಬಿನ ಬಳಿಯ ದೀಪ, ಅದರ ಸ್ವಿಚ್ಚು, ಒಂದು ಗೂಡು, ಬೀಗವುಳ್ಳ ಒಂದು ಡ್ರಾಯರು, ಇವು ತಲಾ ಒಂದೊಂದಾಗಿ, ಅಳತೆಯಲ್ಲಿ ಕೂದಲೆಳೆಯ ವ್ಯತ್ಯಾಸವೂ ಇಲ್ಲದಂತೆ ಇರತಕ್ಕದ್ದು. ಪರೀಕ್ಷೆಗೆ ಓದುವ ಅಕ್ಕನ ಬೆಳಕು ನಿದ್ದೆಗೆ ಜಾರಿದ ತಮ್ಮನ ಕಣ್ಣಿಗೆ ಹೊಡೆಯದಿದ್ದರೆ ಆ ರಾತ್ರಿಯ ಅರ್ಧ ವ್ಯಾಜ್ಯ ಅಲ್ಲಿಗೇ ತೀರಿತು. ಕಿಟಕಿ, ಕನ್ನಡಿ, ಫ್ಯಾನು ಮತ್ತು ನಡುವಿನ ನೆಲ ಮಾತ್ರ ಎಂದೆಂದಿಗೂ ಅವಿಭಕ್ತ. ಸೀಮೆಸುಣ್ಣದಿಂದ ಚೌಕಾಬಾರದ ಮನೆ ಬರೆಯುವುದಕ್ಕೆ ಆ ನೆಲ ಬೇಕು. ಅದನ್ನು ಮೇಜುಕುರ್ಚಿಗಳಿಂದ ತುಂಬಿದರೆ ಇಬ್ಬರಿಗೂ ಪಾಲು ಸಿಕ್ಕೀತು, ಕೂಡಿ ಆಡುವ ಸ್ಥಳ ಸಿಕ್ಕದು.

“ಬೆಳೆಯುತ್ತ” ಎಂಬ ಎಚ್ಚರಿಕೆಯೂ ಉಪೇಕ್ಷಣೀಯವಲ್ಲ. ಅಣ್ಣತಂಗಿಯರಾದರೆ ಹತ್ತು ಹನ್ನೆರಡರ ವಯಸ್ಸಿಗೆ ಮರೆ ಬೇಕಾಗುತ್ತದೆ; ಪರದೆಯ ಸರಳಿಗೆ ಕೊಕ್ಕೆಗಳನ್ನು ಗಾರೆ ಹಾಕುವಾಗಲೇ ಕೂಡಿಸಿಟ್ಟವನು ಜಾಣ. ಮಗು ಬಾಯಿಬಿಟ್ಟು ಕೇಳಿದ ಮೇಲೆ ಕೊಟ್ಟದ್ದು ಜಗಳದ ತೀರ್ಪೆನಿಸುತ್ತದೆ, ಕೇಳುವ ಮೊದಲೇ ಕೊಟ್ಟದ್ದು ಮನೆಯ ಮರ್ಯಾದೆಯೆನಿಸುತ್ತದೆ.

ಮಕ್ಕಳಿಗೆ ಕೋಣೆ ಕಟ್ಟಿಸುವವರು ಬಣ್ಣವನ್ನು ಆರಿಸುವುದಕ್ಕೆ ಮುನ್ನ ಒಂದು ಕಾಗದ ಹಿಡಿದು, ಇಬ್ಬರಿಗೂ ಬೇರೆಬೇರೆಯಾಗಿ ಬೇಕಾದುದೇನು, ಇಬ್ಬರಿಗೂ ಸೇರಿ ಉಳಿಯಬೇಕಾದುದೇನು ಎಂದು ಎರಡು ಪಟ್ಟಿ ಬರೆಯಲಿ. ಆ ಪಟ್ಟಿಯನ್ನು ಮಕ್ಕಳನ್ನೇ ಕೂರಿಸಿಕೊಂಡು ಬರೆದರೆ ಇನ್ನೂ ಲೇಸು.