ಆರೋಹಣವೂ ಮರ್ಯಾದೆಯೂ

‘ಮರ್ಯಾದೆ’ ಎಂಬ ಶಬ್ದಕ್ಕೆ ಸಂಸ್ಕೃತದಲ್ಲಿ ಎಲ್ಲೆ, ಮೇರೆ ಎಂಬುದೇ ಮೊದಲ ಅರ್ಥ. ಸಮುದ್ರವು ತನ್ನ ಮರ್ಯಾದೆಯನ್ನು ಮೀರದೆಂದು ಕವಿಗಳು ವರ್ಣಿಸುವಾಗ ಈ ಅರ್ಥವನ್ನೇ ವಿವಕ್ಷಿಸಿರುವರು. ಕನ್ನಡದಲ್ಲಿ ಅದೇ ಶಬ್ದವು ಗೌರವವೆಂಬ ಅರ್ಥದಲ್ಲಿ ರೂಢವಾಗಿದೆ. ಈ ಅರ್ಥಾಂತರವು ಅಕಾರಣವಾದುದಲ್ಲ. ಎಲ್ಲಿ ನಿಲ್ಲಬೇಕೆಂಬುದನ್ನು ಅರಿತು ನಿಲ್ಲುವವನೇ ಮರ್ಯಾದಸ್ಥನೆಂದು ಜನಸಾಮಾನ್ಯರ ಭಾವನೆ. ಆದರೆ ಎಲ್ಲೆಯನ್ನು ಮೀರುವುದೇ ಪೌರುಷವೆಂದು ಕೊಂಡಾಡಲ್ಪಡುವ ಕ್ಷೇತ್ರಗಳೂ ಲೋಕದಲ್ಲಿ ಉಂಟು. ಅವುಗಳಲ್ಲಿ ಪರ್ವತಾರೋಹಣವು ಮುಖ್ಯವಾದುದು. ಏರುವ ಶಕ್ತಿಯೂ ಅನುಕೂಲವೂ ಇರುವಾಗ ಶಿಖರವನ್ನು ಮುಟ್ಟದೆ ಹಿಂದಿರುಗುವುದು ಧರ್ಮವಾಗಬಲ್ಲುದೆ? ಅಥವಾ ಅದು ದೌರ್ಬಲ್ಯಕ್ಕೆ ಇಟ್ಟ ಸುಂದರವಾದ ಹೆಸರು ಮಾತ್ರವೆ? ಈ ಪ್ರಶ್ನೆಗೆ ಹಿಮಾಲಯದ ಆರೋಹಣಗಳ ಚರಿತ್ರೆಯು ಒಳ್ಳೆಯ ಬೆಳಕನ್ನು ಬೀರುತ್ತದೆ.

ಆರೋಹಿಯನ್ನು ತಡೆಯತಕ್ಕ ಮೇರೆಗಳು ಮೂರು ಬಗೆಯವು. ಮೊದಲನೆಯದು ತನ್ನ ಶಕ್ತಿಯ ಮೇರೆ. 1953ನೆಯ ಇಸವಿ ಮೇ 26ರಂದು ಚಾರ್ಲ್ಸ್ ಇವಾನ್ಸ್ ಮತ್ತು ಟಾಮ್ ಬೂರ್ಡಿಲನ್ ಎಂಬ ಇಬ್ಬರು ಎವರೆಸ್ಟಿನ ದಕ್ಷಿಣ ಶಿಖರವನ್ನು ಮುಟ್ಟಿದರು. ತುತ್ತತುದಿಗೆ ಇನ್ನು ಸುಮಾರು 300 ಅಡಿ ಮಾತ್ರ ಉಳಿದಿದ್ದಿತು. ಅದುವರೆಗೆ ಯಾವ ಮನುಷ್ಯನೂ ಏರದ ಶಿಖರವು ಎದುರಿಗೇ ಕಾಣುತ್ತಿದ್ದಿತು. ಆದರೆ ಹೊತ್ತು ಮೀರಿದ್ದಿತು. ಉಸಿರಾಟದ ಯಂತ್ರವು ತೊಂದರೆ ಕೊಡುತ್ತಿದ್ದಿತು. ಮುಂದೆ ಹೋದರೆ ಜೀವಸಹಿತ ಇಳಿಯುವ ಭರವಸೆ ಇರಲಿಲ್ಲ. ಇಬ್ಬರೂ ಹಿಂದಿರುಗಿದರು. ಮೂರು ದಿನಗಳ ತರುವಾಯ, ಮೇ 29ರಂದು, ತೇನ್‌ಸಿಂಗ್ ಮತ್ತು ಹಿಲರಿ ಅದೇ ದಾರಿಯಲ್ಲಿ ಹೋಗಿ ಶಿಖರವನ್ನು ಮುಟ್ಟಿದರು. ಲೋಕವು ಅವರಿಬ್ಬರ ಹೆಸರನ್ನು ನೆನಪಿನಲ್ಲಿಟ್ಟಿತು. ಇವಾನ್ಸರು ನಿಂತದ್ದು ವಿವೇಕ. ಆದರೆ ಈ ವಿವೇಕಕ್ಕೆ ತನ್ನ ಪ್ರಾಣರಕ್ಷಣೆಯೇ ಪ್ರೇರಕವಾದುದರಿಂದ ಇದನ್ನು ಧರ್ಮದ ಮೊದಲ ಮೆಟ್ಟಲೆಂದು ಮಾತ್ರ ಎಣಿಸಬಹುದು.

ಎರಡನೆಯದು ಪರರ ಪ್ರಾಣವೆಂಬ ಮೇರೆ. 1922ನೆಯ ಇಸವಿ ಜೂನ್ 7ರಂದು ಎವರೆಸ್ಟಿನ ಉತ್ತರ ಪಾರ್ಶ್ವದಲ್ಲಿ, ಹೊಸ ಹಿಮ ಬಿದ್ದ ಇಳಿಜಾರಿನ ಮೇಲೆ ಆಂಗ್ಲ ತಂಡದವರು ಕೂಲಿಯಾಳುಗಳೊಡನೆ ಏರುತ್ತಿರುವಾಗ ಹಿಮವು ಕುಸಿದು ಏಳು ಮಂದಿ ಸತ್ತರು. ಸತ್ತವರೆಲ್ಲರೂ ಹೊರೆ ಹೊರುವವರು. ಆಂಗ್ಲರಲ್ಲಿ ಒಬ್ಬರೂ ಇಲ್ಲ. 2014ನೆಯ ಇಸವಿ ಏಪ್ರಿಲ್ 18ರಂದು ಖುಂಬು ಹಿಮಪ್ರಪಾತದಲ್ಲಿ ಮಂಜಿನ ರಾಶಿ ಉರುಳಿ ಮಡಿದ ಹದಿನಾರು ಮಂದಿಯೂ ನೇಪಾಳದ ಕೆಲಸಗಾರರೇ. ಸಂಕಲ್ಪ ಒಬ್ಬನದು, ಅದರ ಬೆಲೆ ತೆರುವವನು ಇನ್ನೊಬ್ಬನು ಎಂದಾಗ ಸಾಹಸದ ಹೊಗಳಿಕೆಯು ಬಾಯಲ್ಲಿಯೇ ನಿಲ್ಲಬೇಕಾಗುತ್ತದೆ. ತನ್ನ ಪ್ರಾಣವನ್ನು ಪಣವಾಗಿಡುವ ಅಧಿಕಾರವು ಒಬ್ಬನಿಗೆ ಇದ್ದರೂ ಇರಬಹುದು. ಕೂಲಿಯ ಆವಶ್ಯಕತೆಯಿಂದ ಹಿಂದೆ ಬಂದವನ ಪ್ರಾಣವನ್ನು ಹಾಗೆ ಇಡುವ ಅಧಿಕಾರವು ಯಾರಿಗೂ ಇಲ್ಲ.

2006ನೆಯ ಇಸವಿಯ ಮೇ ತಿಂಗಳಿನಲ್ಲಿ ಒಬ್ಬ ಆಂಗ್ಲ ಆರೋಹಿಯು ಎವರೆಸ್ಟಿನ ದಾರಿಯ ಪಕ್ಕದಲ್ಲಿಯೇ ಮರಣೋನ್ಮುಖನಾಗಿ ಬಿದ್ದಿದ್ದಾಗ ಹಲವಾರು ಮಂದಿ ಅವನನ್ನು ದಾಟಿ ಹೋದರು. ಅವನನ್ನು ಉಳಿಸಲು ಸಾಧ್ಯವಿದ್ದಿತೆ ಎಂಬುದರಲ್ಲಿ ಅಭಿಪ್ರಾಯಭೇದ ಉಂಟು. ಆದರೂ ವೃದ್ಧರಾಗಿದ್ದ ಹಿಲರಿಯವರು ಆ ನಡತೆಯನ್ನು ಬಹಿರಂಗವಾಗಿ ಖಂಡಿಸಿದರು. ಅದೇ ತಿಂಗಳ 26ರಂದು, ಹಿಂದಿನ ದಿನ ಸತ್ತನೆಂದು ಬಿಟ್ಟುಬಂದಿದ್ದ ಲಿಂಕನ್ ಹಾಲ್ ಎಂಬ ಆಸ್ಟ್ರೇಲಿಯದ ಆರೋಹಿಯು ಬೆಳಗ್ಗೆ ಜೀವದಿಂದಿರುವುದನ್ನು ಮೇಲೇರುತ್ತಿದ್ದ ಇನ್ನೊಂದು ತಂಡದವರು ಕಂಡರು. ಶಿಖರಕ್ಕೆ ಕೆಲವೇ ಗಂಟೆಗಳ ದಾರಿ ಉಳಿದಿದ್ದಿತು. ಡಾನ್ ಮಜೂರ್ ಮೊದಲಾದ ಆ ನಾಲ್ವರು ಶಿಖರವನ್ನು ಬಿಟ್ಟು ಅವನ ಬಳಿಯಲ್ಲಿ ನಿಂತರು. ಅವನು ಬದುಕಿ ಮನೆಗೆ ಸೇರಿದನು. ಪರಪ್ರಾಣಕ್ಕಾಗಿ ನಿಲ್ಲುವುದು ಧರ್ಮವೆಂಬುದಕ್ಕೆ ವಾದವೇ ಬೇಕಾಗಿಲ್ಲ. ಆಚರಣೆ ಕಷ್ಟವಾದರೂ ನಿರ್ಣಯವು ಸುಲಭ.

ನಿರ್ಣಯವೇ ಕಷ್ಟವಾಗಿರುವುದು ಮೂರನೆಯ ಮೇರೆಯಲ್ಲಿ. ಅಲ್ಲಿ ಯಾರ ಪ್ರಾಣಕ್ಕೂ ಅಪಾಯವಿಲ್ಲ. ಪರರ ಪೂಜ್ಯಭಾವನೆಯೊಂದೇ ಅಡ್ಡ. ಇದಕ್ಕೆ ಕಾಂಚನಜುಂಗಾ ಪರ್ವತವೇ ದೃಷ್ಟಾಂತ. ಕನ್ನಡದಲ್ಲಿ ಕೆಲವರು ಇದನ್ನು ‘ಕಾಂಚನಗಂಗಾ’ ಎಂದು ಸಂಸ್ಕೃತೀಕರಿಸುವುದುಂಟು. ಆದರೆ ಹೆಸರಿನಲ್ಲಿ ಕಾಂಚನವೂ ಇಲ್ಲ, ಗಂಗೆಯೂ ಇಲ್ಲ. ಮಹಾಹಿಮದ ಐದು ಭಂಡಾರಗಳೆಂಬುದು ಆ ಟಿಬೆಟಿ ಹೆಸರಿನ ಅರ್ಥ. 8,586 ಮೀಟರು ಎತ್ತರದ ಈ ಪರ್ವತವು ಲೋಕದಲ್ಲಿ ಮೂರನೆಯದು. ನೇಪಾಳ ಮತ್ತು ಸಿಕ್ಕಿಮಿನ ಗಡಿಯಲ್ಲಿ ನಿಂತಿದೆ. ಸಿಕ್ಕಿಮಿನವರಿಗೆ ಇದು ನಾಡನ್ನು ಕಾಯುವ ದೇವತೆಯ ನೆಲೆ. ವರ್ಷಕ್ಕೊಮ್ಮೆ ‘ಪಂಗ್ ಲ್ಹಾಬ್‌ಸೋಲ್’ ಎಂಬ ಉತ್ಸವದಲ್ಲಿ ಈ ದೇವತೆಯನ್ನು ಆರಾಧಿಸುವರು. 1955ರಲ್ಲಿ ಮೇಲೆ ಹೇಳಿದ ಚಾರ್ಲ್ಸ್ ಇವಾನ್ಸರೇ ನಾಯಕರಾಗಿ ನೇಪಾಳದ ಕಡೆಯಿಂದ ಆರೋಹಣಕ್ಕೆ ಹೊರಟಾಗ ಸಿಕ್ಕಿಮಿನ ದರ್ಬಾರು ಆಕ್ಷೇಪಿಸಿತು. ಶಿಖರದ ತುದಿಯನ್ನು ಮೆಟ್ಟುವುದಿಲ್ಲವೆಂದು ಇವಾನ್ಸರು ಮಾತು ಕೊಟ್ಟರು. ಮೇ 25ರಂದು ಜೋ ಬ್ರೌನ್ ಮತ್ತು ಜಾರ್ಜ್ ಬ್ಯಾಂಡ್ ಎಂಬವರು ಕೊನೆಯ ಬಂಡೆಯ ಸೀಳನ್ನು ಹತ್ತಿ ಮೇಲೆ ಬಂದರು. ಎದುರಿಗೆ ಹಿಮದ ಸಣ್ಣ ದಿಬ್ಬ, ಅವರು ನಿಂತ ನೆಲಕ್ಕಿಂತ ಐದಾರು ಅಡಿ ಎತ್ತರ, ಅಡ್ಡಿಯೇನೂ ಇಲ್ಲ. ಇಬ್ಬರೂ ಅಲ್ಲಿಯೇ ನಿಂತು, ನೋಡಿ, ಇಳಿದರು. ಮರುದಿನ ನಾರ್ಮನ್ ಹಾರ್ಡಿ ಮತ್ತು ಟೋನಿ ಸ್ಟ್ರೀದರ್ ಎಂಬವರೂ ಹಾಗೆಯೇ ಮಾಡಿದರು.

ಇಲ್ಲಿ ಪೂರ್ವಪಕ್ಷವು ಏಳುತ್ತದೆ. ಹಿಮವು ಜಡವಸ್ತು, ಅದಕ್ಕೆ ಮಾನಾಪಮಾನಗಳಿಲ್ಲ, ತಾನು ನಂಬದ ದೇವತೆಗಾಗಿ ನಿಲ್ಲುವುದು ಕಪಟವಾಗುವುದಿಲ್ಲವೆ? ಇದಕ್ಕೆ ಉತ್ತರವಿಷ್ಟೆ. ಮನೆಗೆ ಬಂದ ಅತಿಥಿಯು ದೇವರ ಮನೆಯ ಮುಂದೆ ಪಾದರಕ್ಷೆಯನ್ನು ಬಿಡುವನು. ಹಾಗೆ ಬಿಟ್ಟಮಾತ್ರಕ್ಕೆ ಆ ಮನೆಯ ದೇವರನ್ನು ನಂಬಿದಂತಾಗಲಿಲ್ಲ, ಮನೆಯವರನ್ನು ಗೌರವಿಸಿದಂತಾಯಿತು. ಇವಾನ್ಸರು ಮಾತು ಕೊಟ್ಟದ್ದು ಹಿಮಕ್ಕಲ್ಲ, ಮನುಷ್ಯರಿಗೆ.

ಎರಡನೆಯ ಆಕ್ಷೇಪಣೆಯು ಹೀಗೆ: ಎಂಟು ಸಾವಿರ ಮೀಟರಿಗಿಂತ ಮೇಲೆ ಮೆಟ್ಟಿ ಐದು ಅಡಿಯನ್ನು ಬಿಡುವುದು ಕೇವಲ ಉಪಚಾರ, ಲೋಕವು ಹೇಗೂ ಅವರನ್ನು ವಿಜಯಿಗಳೆಂದೇ ಎಣಿಸಿತು. ಈ ಮಾತಿನಲ್ಲಿ ಸತ್ಯಾಂಶವಿದೆ. ಏರದೆ ಇರುವುದೇ ಪೂರ್ಣವಾದ ಗೌರವವೆಂದು ಭಕ್ತನು ಹೇಳಿದರೆ ಅದನ್ನು ತಳ್ಳಿಹಾಕಲಾಗದು. ಆದರೆ ತ್ಯಾಗವನ್ನು ಅಳೆಯತಕ್ಕ ಕೋಲು ಅಡಿಗಳದ್ದಲ್ಲ. ಬುಡದಲ್ಲಿ ನಿಂತು ತುದಿಯನ್ನು ತ್ಯಜಿಸುವುದು ಯಾರಿಗೂ ಸುಲಭ. ವಾರಗಟ್ಟಲೆ ಪ್ರಯಾಸಪಟ್ಟು, ಕೈಚಾಚಿದರೆ ಸಿಕ್ಕುವಷ್ಟು ಹತ್ತಿರ ಬಂದಾಗ ಆಸೆಯು ಅತ್ಯಂತ ಪ್ರಬಲವಾಗಿರುತ್ತದೆ. ಅಲ್ಲಿ ನೋಡುವ ಸಾಕ್ಷಿಯೂ ಇಲ್ಲ. ನಾಲ್ಕು ಹೆಜ್ಜೆ ಮುಂದೆ ಇಟ್ಟಿದ್ದರೆ ಆ ಹೆಜ್ಜೆಗುರುತನ್ನು ಗಾಳಿಯೇ ಅಳಿಸಿಬಿಡುತ್ತಿದ್ದಿತು. ಕೊಟ್ಟ ಮಾತು ಉಳಿಯುವುದೋ ಇಲ್ಲವೋ ಎಂಬುದು ನಿಶ್ಚಯವಾಗುವುದು ಇಂಥ ಎಡೆಯಲ್ಲಿಯೇ.

ಮೂರನೆಯ ಆಕ್ಷೇಪಣೆಯು ಇವೆರಡಕ್ಕಿಂತಲೂ ಗುರುತರವಾದುದು. ಪಾವಿತ್ರ್ಯದ ಹೆಸರಿನಲ್ಲಿ ಮೇರೆಗಳನ್ನು ಹಾಕಿ ಮನುಷ್ಯರನ್ನು ದೂರವಿಟ್ಟ ಚರಿತ್ರೆಯು ಭಾರತದಲ್ಲಿ ಬಹಳ ದೀರ್ಘವಾದುದು. ದೇವಾಲಯದ ಬಾಗಿಲು, ಕೆರೆಯ ನೀರು, ಬೀದಿಯ ಓಡಾಟ ಎಲ್ಲಕ್ಕೂ ‘ಮರ್ಯಾದೆ’ ಎಂಬ ಹೆಸರನ್ನೇ ಹೇಳಿದರು. 1936ರಲ್ಲಿ ತಿರುವಾಂಕೂರಿನ ಮಹಾರಾಜರು ದೇವಾಲಯ ಪ್ರವೇಶದ ಘೋಷಣೆ ಮಾಡಿದಾಗ ಮುರಿದುಬಿದ್ದದ್ದು ಅಂಥದೊಂದು ಮೇರೆಯೇ. ಅದು ಮುರಿದದ್ದು ಧರ್ಮವೇ ಆಯಿತು. ಹಾಗಾದರೆ ಶಿಖರದ ಮೇರೆಯನ್ನು ಮಾತ್ರ ಏಕೆ ಗೌರವಿಸಬೇಕು?

ಈ ಪ್ರಶ್ನೆಗೆ ಪಂಡಿತರು ಜಾರಿಕೆಯ ಉತ್ತರ ಕೊಡಬಾರದು. ಎರಡು ಬಗೆಯ ಮೇರೆಗಳನ್ನು ವಿಂಗಡಿಸುವುದಕ್ಕೆ ಎರಡು ಲಕ್ಷಣಗಳುಂಟು. ಮೇರೆಯನ್ನು ವಿಧಿಸಿದವನು ತಾನೂ ಅದಕ್ಕೆ ಒಳಪಟ್ಟಿರುವನೆ ಎಂಬುದು ಮೊದಲನೆಯದು. ದೇವಾಲಯದ ಬಾಗಿಲನ್ನು ಮುಚ್ಚಿದವನು ತಾನು ಒಳಗೆ ಇದ್ದನು; ಕಾಂಚನಜುಂಗಾದ ತುದಿಯನ್ನು ಮೆಟ್ಟಬಾರದೆಂದ ಸಿಕ್ಕಿಮಿನವನು ತಾನೂ ಅದನ್ನು ಮೆಟ್ಟುವವನಲ್ಲ. ಮೇರೆಯಿಂದ ನಷ್ಟಪಡುವವನು ಯಾರು ಎಂಬುದು ಎರಡನೆಯದು. ಒಂದು ಮೇರೆಯು ದುರ್ಬಲನಿಂದ ಅವನ ನೀರನ್ನೂ ದೇವರನ್ನೂ ಕಿತ್ತುಕೊಂಡಿತು. ಇನ್ನೊಂದು ಪ್ರಬಲನಿಂದ ಐದು ಅಡಿಯ ಕೀರ್ತಿಯನ್ನು ಮಾತ್ರ ಬೇಡಿತು. ಎಲ್ಲರಿಗೂ ಸಮಾನವಾಗಿ ಅನ್ವಯಿಸುವ, ಯಾರ ಜೀವಿತಕ್ಕೂ ಕುಂದು ತಾರದ ಮೇರೆಯನ್ನು ಮಾತ್ರ ಮರ್ಯಾದೆಯೆಂದು ಕರೆಯತಕ್ಕದ್ದು. ಉಳಿದದ್ದು ಬಲಾತ್ಕಾರ.

ಈ ಲಕ್ಷಣಗಳಿಗೆ ಕೈಲಾಸವು ಪೂರ್ಣವಾಗಿ ಒಪ್ಪುತ್ತದೆ. ಅದರ ಎತ್ತರ ಸುಮಾರು 6,600 ಮೀಟರು. ಅದಕ್ಕಿಂತ ಎಷ್ಟೋ ಎತ್ತರವಾದ ಶಿಖರಗಳನ್ನು ಮನುಷ್ಯರು ಏರಿರುವರು. ಶೈವರಿಗೆ ಅದು ಶಿವನ ನೆಲೆ. ಜೈನರಿಗೆ ಆದಿನಾಥನು ಮುಕ್ತಿಯನ್ನೈದಿದ ಸ್ಥಾನ. ಬೌದ್ಧರೂ ಟಿಬೆಟಿನ ಬೋನ್ ಮತದವರೂ ಅದನ್ನು ಪೂಜಿಸುವರು. ಇವರಲ್ಲಿ ಯಾವ ಮತದವರೂ ಅದನ್ನು ಏರುವುದಿಲ್ಲ. ಎಲ್ಲರೂ ಸುತ್ತು ಬರುವರು. ಪ್ರದಕ್ಷಿಣೆಯ ದಾರಿ ಸುಮಾರು 52 ಕಿಲೋಮೀಟರು. ಮಧ್ಯದಲ್ಲಿ 5,600 ಮೀಟರಿಗೂ ಎತ್ತರವಾದ ದೊಲ್ಮಾ ಕಣಿವೆಯನ್ನು ದಾಟಬೇಕು. ಭಾರತದಿಂದ ಲಿಪುಲೇಖದ ಮಾರ್ಗವಾಗಿ ಹೋಗುವ ಯಾತ್ರೆಯು 1981ರಲ್ಲಿ ಪುನಃ ಆರಂಭವಾಗಿ, 2020ರಿಂದ ಐದು ವರ್ಷ ನಿಂತು, 2025ರಲ್ಲಿ ಮತ್ತೆ ನಡೆಯಿತು. ಸುತ್ತು ಬರುವವನ ಶ್ರಮವೇನೂ ಅಲ್ಪವಲ್ಲ. ಆದರೆ ಏರುವವನು ಶಿಖರವನ್ನು ತನ್ನ ಕಾಲಕೆಳಗೆ ಕಾಣುವನು. ಸುತ್ತುವವನು ಅದನ್ನು ಕೇಂದ್ರದಲ್ಲಿಟ್ಟು ತಾನು ಅಂಚಿನಲ್ಲಿ ನಡೆಯುವನು. ಧೈರ್ಯ ಇಬ್ಬರಿಗೂ ಬೇಕು. ಅಹಂಕಾರವು ನಿಲ್ಲುವ ಸ್ಥಾನ ಮಾತ್ರ ಬೇರೆ.

ಮರ್ಯಾದೆಯನ್ನು ಶಾಸನದಿಂದ ಕಾಪಾಡುವವರೂ ಉಂಟು. ಭೂತಾನದ ಸರಕಾರವು 1994ರಲ್ಲಿ 6,000 ಮೀಟರಿಗಿಂತ ಎತ್ತರವಾದ ಪರ್ವತಗಳ ಆರೋಹಣವನ್ನೂ, 2003ರಲ್ಲಿ ಎಲ್ಲ ಪರ್ವತಾರೋಹಣವನ್ನೂ ನಿಷೇಧಿಸಿತು. ಆದುದರಿಂದ 7,570 ಮೀಟರಿನ ಗಂಗ್‌ಖರ್ ಪುಯೆನ್ಸುಮ್ ಶಿಖರವು ಯಾರ ಪಾದಸ್ಪರ್ಶಕ್ಕೂ ಸಿಕ್ಕದೆ ಉಳಿದಿದೆ. ಶಾಸನವು ಬೇಲಿಯಂತೆ; ಬೆಳೆಯನ್ನು ಕಾಯುವುದು ಅದರ ಕೆಲಸ. ಆದರೆ ಬೇಲಿಯು ಹೊಲಕ್ಕೆ ನುಗ್ಗುವ ಇಚ್ಛೆಯನ್ನು ತೆಗೆಯಲಾರದು. ದಂಡಭಯದಿಂದ ನಿಂತವನು ಕಾವಲು ಹೋದ ಕೂಡಲೆ ಮುಂದೆ ನಡೆಯುವನು.

1975ರಲ್ಲಿ ಸಿಕ್ಕಿಮಿನ ರಾಜ್ಯವು ಭಾರತದಲ್ಲಿ ಸೇರಿ, ಇವಾನ್ಸರಿಂದ ಮಾತು ಪಡೆದ ದರ್ಬಾರು ಇಲ್ಲವಾಯಿತು. ಮಾತು ಪಡೆದವನೇ ಇಲ್ಲದ ಮೇಲೆ ಮಾತು ಬಂಧಕವಲ್ಲವೆಂದು ನ್ಯಾಯವಾದಿಯು ಹೇಳಬಹುದಾಗಿದ್ದಿತು. ಆದರೂ 1979ರಲ್ಲಿ ಡಗ್ ಸ್ಕಾಟ್, ಪೀಟರ್ ಬೋರ್ಡ್‌ಮನ್ ಮತ್ತು ಜೋ ಟಾಸ್ಕರ್ ಎಂಬ ಮೂವರು ಉಸಿರಾಟದ ಯಂತ್ರದ ಸಹಾಯವಿಲ್ಲದೆ ಅದೇ ಪರ್ವತವನ್ನು ಏರಿ, ಅದೇ ರೀತಿಯಾಗಿ ತುದಿಯ ಕೆಳಗೆ ನಿಂತರು. ದರ್ಬಾರು ಹೋದರೂ ಜನರು ಇದ್ದರು. ಅವರ ಪೂಜೆಯೂ ಇದ್ದಿತು. ಆ ಮುಂದೆ ಬಂದವರೆಲ್ಲರೂ ಈ ಪದ್ಧತಿಯನ್ನು ಪಾಲಿಸಲಿಲ್ಲವೆಂಬುದೂ ನಿಜ. ಆದರೆ ಕೆಲವರು ಮುರಿದರೆಂಬುದು ಉಳಿದವರಿಗೆ ಬಿಡುಗಡೆಯ ಪತ್ರವಾಗದು. ಸಂಪ್ರದಾಯವು ಪ್ರತಿಯೊಬ್ಬನಲ್ಲಿಯೂ ಹೊಸದಾಗಿ ಹುಟ್ಟಬೇಕಾಗಿದೆ.

ಶಕ್ತಿಯಿಲ್ಲದೆ ನಿಲ್ಲುವುದು ಸ್ಥಿತಿ. ಶಕ್ತಿಯಿದ್ದು ಪರರಿಗಾಗಿ ನಿಲ್ಲುವುದು ಗುಣ. ಎವರೆಸ್ಟಿನಲ್ಲಿ ಶಕ್ತಿಯ ಮೇರೆಯನ್ನು ಅರಿತು ನಿಂತ ಇವಾನ್ಸರು ಎರಡು ವರ್ಷಗಳ ತರುವಾಯ, ಶಕ್ತಿಯು ಸಾಕಾಗಿದ್ದಾಗಲೂ ತಮ್ಮವರನ್ನು ನಿಲ್ಲಿಸಬಲ್ಲವರಾದರು. ಈಗ ವಿದ್ಯಾವಂತರ ಮನೆಗಳಿಂದ ಎಷ್ಟೋ ಮಂದಿ ತರುಣ ತರುಣಿಯರು ಹಿಮಾಲಯದ ದಾರಿಗಳಲ್ಲಿ ನಡೆಯಲು ಹೋಗುತ್ತಿರುವರು. ಅದು ಸಂತೋಷದ ವಿಷಯವೇ. ಹಿಂದಿರುಗಿ ಬಂದವರನ್ನು ಮನೆಯ ಹಿರಿಯರು ಎಷ್ಟು ಎತ್ತರ ಹೋದಿರೆಂದು ಕೇಳುವುದು ಸಹಜ. ಎಲ್ಲಿಂದ ಹಿಂದಿರುಗಿದಿರಿ, ಯಾರಿಗಾಗಿ ಹಿಂದಿರುಗಿದಿರಿ, ಹೊರೆ ಹೊತ್ತವನು ಸುಖವಾಗಿ ಮನೆಗೆ ಸೇರಿದನೆ ಎಂದೂ ಅವರು ಕೇಳುವಂತಾದರೆ, ಮರ್ಯಾದೆ ಎಂಬ ಶಬ್ದದ ಎರಡು ಅರ್ಥಗಳೂ ಆ ಮನೆಯಲ್ಲಿ ಒಂದಾಗಿರುವುವು.