ಸಂದು ಮುಚ್ಚಿದರೆ ಸುಳ್ಳಾಡಿದಂತೆಯೇ?

ಗೋಡೆ ನೆಲಕ್ಕೆ ಸೇರುವ ಕಡೆ ಉದ್ದಕ್ಕೂ ಕೂರಿಸುವ ಪಟ್ಟಿಯೇ ಸ್ಕರ್ಟಿಂಗ್. ನಮ್ಮಲ್ಲಿ ಅದು ಹೆಚ್ಚಾಗಿ ನಾಲ್ಕಿಂಚಿನ ಟೈಲ್ಸ್ ಇಲ್ಲವೇ ಗ್ರಾನೈಟ್. ನೆಲ ತೊಳೆದ ನೀರು ಗೋಡೆಯ ಬಣ್ಣಕ್ಕೆ ತಾಗದಿರಲಿ ಎಂದು ಹಾಕುತ್ತೇವೆ, ಟೈಲ್ಸ್ ಕೆಲಸದವರೇ ಅದನ್ನೂ ಮುಗಿಸಿ ಹೋಗುತ್ತಾರೆ. ಬ್ರಿಟನ್ನಿನಲ್ಲಿ ಅದು ಮರದ ಹಲಗೆ, ಇಲ್ಲವೇ ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆ. ಮನೆಯ ರಿಪೇರಿಯನ್ನು ತಾವೇ ಕಲಿಯಹೊರಟವರು ಅಲ್ಲಿ ಮೊದಮೊದಲು ಕೈಹಾಕುವ ಕೆಲಸಗಳಲ್ಲಿ ಇದೂ ಒಂದು. ಹೀಗೆ ಕೈಹಾಕಿದವರಿಗೆ ಬೇಗನೆ ತಿಳಿಯುವ ಸಂಗತಿಯೆಂದರೆ, ಹಲಗೆಯ ಮುಖ್ಯ ಕೆಲಸವೇ ಮುಚ್ಚುವುದು. ಅದರ ಹಿಂದೆ ಪ್ಲಾಸ್ಟರಿನ ಒರಟು ಅಂಚಿದೆ, ನೆಲಕ್ಕೂ ಗೋಡೆಗೂ ನಡುವೆ ಬೆರಳ ದಪ್ಪದ ಸಂದಿದೆ. ಹಲಗೆ ಹೊಡೆದು ಬಣ್ಣ ಬಳಿದರೆ ಎಲ್ಲವೂ ನೇರವಾಗಿ, ಒಪ್ಪವಾಗಿ ಕಾಣುತ್ತದೆ. ಇಷ್ಟು ಸಣ್ಣ ಕೆಲಸದಲ್ಲಿ ಹಳೆಯದೊಂದು ನೈತಿಕ ಪ್ರಶ್ನೆ ಕೂತಿದೆ: ಇರುವುದನ್ನು ಕಾಣದಂತೆ ಮಾಡುವುದು ಅಸತ್ಯವೇ? ಅಲ್ಲ ಎಂಬುದು ನನ್ನ ವಾದ. ಆದರೆ ಯಾವ ಮುಚ್ಚುವಿಕೆಯಾದರೂ ನಡೆಯುತ್ತದೆ ಎಂದು ನಾನು ಹೇಳುತ್ತಿಲ್ಲ.

ಮೊದಲು ಆ ಸಂದು ಏಕಿದೆ ಎಂದು ನೋಡಬೇಕು. ಅದು ಕೆಲಸಗಾರನ ಸೋಮಾರಿತನದಿಂದ ಉಳಿದದ್ದಲ್ಲ. ಪ್ಲಾಸ್ಟರನ್ನು ನೆಲಕ್ಕೆ ಮುಟ್ಟಿಸಿದರೆ ನೆಲದ ತೇವವನ್ನು ಅದು ಮೇಲಕ್ಕೆ ಹೀರಿಕೊಳ್ಳಬಹುದು. ಆದ್ದರಿಂದ ತಿಳಿದವರು ಅದನ್ನು ಸ್ವಲ್ಪ ಮೇಲೆಯೇ ನಿಲ್ಲಿಸುತ್ತಾರೆ. ಮರದ ನೆಲವೂ ಲ್ಯಾಮಿನೇಟ್ ನೆಲವೂ ಗಾಳಿಯ ತೇವಕ್ಕೆ ತಕ್ಕಂತೆ ಹಿಗ್ಗುತ್ತವೆ, ಕುಗ್ಗುತ್ತವೆ. ಅದಕ್ಕಾಗಿ ಸುತ್ತಲೂ ಸಾಮಾನ್ಯವಾಗಿ 8ರಿಂದ 10 ಮಿಲಿಮೀಟರ್ ಜಾಗ ಬಿಡುತ್ತಾರೆ. ಹೊಸಬರು ಎಡವುವುದು ಇಲ್ಲೇ. ಗಟ್ಟಿಯಾಗಲಿ ಎಂದು ಹಲಗೆಯನ್ನು ನೆಲಕ್ಕೂ ಅಂಟಿಸಿಬಿಡುತ್ತಾರೆ, ಇಲ್ಲವೇ ಸಂದಿಗೆ ಏನನ್ನಾದರೂ ತುರುಕುತ್ತಾರೆ. ಆಮೇಲೆ ಹಿಗ್ಗಿದ ನೆಲಕ್ಕೆ ಹೋಗಲು ದಾರಿಯಿಲ್ಲದೆ ಕೋಣೆಯ ನಡುವೆಯೇ ಅದು ಉಬ್ಬಿ ಏಳುತ್ತದೆ. ಸರಿಯಾದ ಪದ್ಧತಿಯಲ್ಲಿ ಹಲಗೆ ಗೋಡೆಗೆ ಮಾತ್ರ ಸೇರಿರುತ್ತದೆ, ನೆಲ ಅದರ ಅಡಿಯಲ್ಲಿ ಸ್ವತಂತ್ರವಾಗಿ ಸರಿದಾಡುತ್ತದೆ. ಮುಚ್ಚಬೇಕು, ತುಂಬಬಾರದು. ನನ್ನ ವಾದವೆಲ್ಲ ನಿಂತಿರುವುದು ಈ ವ್ಯತ್ಯಾಸದ ಮೇಲೆ. ಒಳ್ಳೆಯ ಹೊದಿಕೆ ತಾನು ಮುಚ್ಚಿದ್ದರ ಇರವನ್ನು ಒಪ್ಪಿಕೊಂಡು, ಅದಕ್ಕೆ ಬೇಕಾದ ಜಾಗ ಬಿಟ್ಟು ನಿಲ್ಲುತ್ತದೆ. ಸುಳ್ಳಿಗೆ ಈ ಗುಣವಿಲ್ಲ. ಸುಳ್ಳು ಉಳಿಯಬೇಕಾದರೆ ಅಡಿಯಲ್ಲಿರುವುದು ಅಲುಗಾಡಲೇಬಾರದು.

ಕಟ್ಟಡಕ್ಕೆ ಸತ್ಯದ ಮಾನದಂಡ ಹಚ್ಚಿದವರಲ್ಲಿ ಇಂಗ್ಲೆಂಡಿನ ಕಲಾವಿಮರ್ಶಕ ಜಾನ್ ರಸ್ಕಿನ್ ದೊಡ್ಡವನು. 1849ರಲ್ಲಿ ಬಂದ ‘ದಿ ಸೆವೆನ್ ಲ್ಯಾಂಪ್ಸ್ ಆಫ್ ಆರ್ಕಿಟೆಕ್ಚರ್’ ಪುಸ್ತಕದಲ್ಲಿ ಅವನು ಇಡೀ ಒಂದು ಅಧ್ಯಾಯವನ್ನು ಸತ್ಯಕ್ಕೆ ಮೀಸಲಿಟ್ಟ. ಅವನ ಹೆಸರು ಹೇಳಿ ‘ಇರುವುದನ್ನು ಇರುವಂತೆ ತೋರಿಸಬೇಕು, ಪಟ್ಟಿಗಿಟ್ಟಿ ಹೊಡೆಯುವುದು ವಂಚನೆ’ ಎಂದು ಯಾರಾದರೂ ಆಕ್ಷೇಪಿಸಬಹುದು. ಆದರೆ ರಸ್ಕಿನ್ ಅಷ್ಟು ಒರಟಾಗಿ ಯೋಚಿಸಿದವನಲ್ಲ. ಒಳಗಿನ ರಚನೆಯನ್ನೆಲ್ಲ ಬಿಚ್ಚಿ ತೋರಿಸುವ ಹೊಣೆ ವಾಸ್ತುಶಿಲ್ಪಿಗಿಲ್ಲ, ಚರ್ಮ ನಮ್ಮ ಎಲುಬು ನರಗಳನ್ನು ಮುಚ್ಚಿದ್ದಕ್ಕೆ ಯಾರೂ ದೂರುವುದಿಲ್ಲವಲ್ಲ ಎಂದು ಅವನೇ ಹೇಳುತ್ತಾನೆ. ಇಟ್ಟಿಗೆಗೆ ಗಾರೆ ಮೆತ್ತುವುದು ಅವನಿಗೆ ತಪ್ಪಲ್ಲ. ಮೆತ್ತಿದ ಗಾರೆಯ ಮೇಲೆ ಗೆರೆ ಎಳೆದು ಕಲ್ಲಿನ ಕಟ್ಟಡವೆಂದು ನಂಬಿಸುವುದು ತಪ್ಪು. ಅರ್ಧ ಶತಮಾನದ ಬಳಿಕ, 1898ರಲ್ಲಿ, ವಿಯೆನ್ನಾದ ವಾಸ್ತುಶಿಲ್ಪಿ ಅಡಾಲ್ಫ್ ಲೂಸ್ ಹೊದಿಕೆಯ ನಿಯಮವನ್ನೇ ಬರೆದಿಟ್ಟ. ಹೊದಿಕೆಯನ್ನು ಅದು ಹೊದ್ದಿಸಿದ ವಸ್ತುವೇ ಎಂದು ಯಾರೂ ತಪ್ಪು ತಿಳಿಯುವಂತಿರಬಾರದು. ಮರಕ್ಕೆ ಯಾವ ಬಣ್ಣವನ್ನಾದರೂ ಬಳಿಯಿರಿ, ಮರದ ಬಣ್ಣವೊಂದನ್ನು ಬಿಟ್ಟು. ಅಲಂಕಾರದ ಕಡುವಿರೋಧಿ ಎಂದು ಹೆಸರಾದವನೂ ಹೊದಿಕೆಯನ್ನು ಬೇಡವೆನ್ನಲಿಲ್ಲ. ಈ ಲೆಕ್ಕದಲ್ಲಿ ಬಿಳಿ ಬಣ್ಣದ ಎಂಡಿಎಫ್ ಹಲಗೆ ಸಾಚಾ. ತೇಗದ ಗೆರೆ ಅಚ್ಚೊತ್ತಿದ ಪ್ಲಾಸ್ಟಿಕ್ ಪಟ್ಟಿಯ ಬಗ್ಗೆ ನನಗೆ ಅನುಮಾನವಿದೆ.

ನಮ್ಮ ಕಡೆಯ ಚಿಂತನೆಯೂ ಇದನ್ನು ಬಲ್ಲದು. ಮಹಾಭಾರತದ ಕರ್ಣಪರ್ವದಲ್ಲಿ ಕೃಷ್ಣ ಅರ್ಜುನನಿಗೆ ಕೌಶಿಕನ ಕಥೆ ಹೇಳುತ್ತಾನೆ. ಸತ್ಯವ್ರತ ಹಿಡಿದ ಆ ತಪಸ್ವಿ, ಜೀವಭಯದಿಂದ ಓಡಿ ಬಂದವರು ಎಲ್ಲಿ ಅಡಗಿದ್ದಾರೆಂದು ದರೋಡೆಕೋರರಿಗೆ ಇದ್ದದ್ದು ಇದ್ದಂತೆ ಹೇಳಿ ನರಕಕ್ಕೆ ಹೋದ. ತೋರಿಸುವುದೇ ಸತ್ಯ, ಮರೆಮಾಡುವುದೇ ಅಸತ್ಯ ಎಂಬ ಸರಳ ಸೂತ್ರ ಅವನನ್ನು ಕೆಡಿಸಿತು. ಸುಳ್ಳಿಗೆ ಯಾವ ರಿಯಾಯಿತಿಯನ್ನೂ ಕೊಡದ ಜರ್ಮನ್ ತತ್ತ್ವಜ್ಞಾನಿ ಕಾಂಟ್ ಕೂಡ, ಮನಸ್ಸಿನಲ್ಲಿರುವುದೆಲ್ಲವನ್ನೂ ಹೇಳದಿರುವುದು ಬೇರೆ, ಹೇಳಿದ್ದು ಸುಳ್ಳಾಗಿರುವುದು ಬೇರೆ ಎಂದು ಒಪ್ಪಿದ್ದ.

ಮುಚ್ಚುವುದು ವಂಚನೆ ಎಂಬುದಕ್ಕಿಂತ ಬಲವಾದ ಆಕ್ಷೇಪ ಇನ್ನೊಂದಿದೆ. ಹೊದಿಕೆ ಸುಳ್ಳಲ್ಲದಿದ್ದರೂ ಸೋಲಂತೂ ಹೌದು. ಕೆಲಸವೇ ಕರಾರುವಾಕ್ಕಾಗಿದ್ದರೆ ಮುಚ್ಚುವುದಕ್ಕೆ ಏನಿರುತ್ತಿತ್ತು? ಈ ಮನೋಧರ್ಮದ ಮಹಾಪುರುಷ ತತ್ತ್ವಜ್ಞಾನಿ ಲುಡ್ವಿಗ್ ವಿಟ್ಗೆನ್‌ಸ್ಟೈನ್. 1926ರಿಂದ 1928ರವರೆಗೆ ವಿಯೆನ್ನಾದಲ್ಲಿ ಅಕ್ಕನಿಗಾಗಿ ಮನೆ ಕಟ್ಟಿಸಿದಾಗ, ಕೆಲಸ ಮುಗಿಯುತ್ತ ಬಂದಿದ್ದರೂ ದೊಡ್ಡ ಕೋಣೆಯ ಚಾವಣಿಯನ್ನು ಮೂರು ಸೆಂಟಿಮೀಟರ್ ಎತ್ತರಿಸುವಂತೆ ಹಟ ಹಿಡಿದನೆಂದು ಇನ್ನೊಬ್ಬ ಅಕ್ಕ ಹರ್ಮೀನ್ ಬರೆದಿಟ್ಟಿದ್ದಾಳೆ. ಆ ನಿಷ್ಠೆಗೆ ನಾನು ತಲೆಬಾಗುತ್ತೇನೆ. ಆದರೆ ಮರ ಹಿಗ್ಗುವುದನ್ನು ಯಾವ ನಿಷ್ಠೆಯೂ ತಡೆಯಲಾರದು. ನಿಖರತೆಗೆ ಬೇರೊಂದು ದಾರಿಯೂ ಇದೆ, ಅದನ್ನು ಬಡಗಿ ಬಲ್ಲ. ಕೋಣೆಯ ಮೂಲೆ ಸರಿಯಾಗಿ 90 ಡಿಗ್ರಿ ಇರುವುದು ಅಪರೂಪ. ಒಳಮೂಲೆಯಲ್ಲಿ ಎರಡೂ ಹಲಗೆಗಳನ್ನು 45 ಡಿಗ್ರಿಗೆ ಕೊಯ್ದು ಕೂಡಿಸಿದರೆ, ಇಂದು ಕೂಡಿದಂತೆ ಕಂಡರೂ ಮರ ಒಣಗಿದಾಗ ಬಾಯಿಬಿಡುತ್ತದೆ. ಅನುಭವಸ್ಥರು ಒಂದು ಹಲಗೆಯನ್ನು ನೇರ ಗೋಡೆಗೆ ಮುಟ್ಟಿಸಿ ನಿಲ್ಲಿಸುತ್ತಾರೆ. ಇನ್ನೊಂದರ ತುದಿಯನ್ನು ಮೊದಲನೆಯದರ ಉಬ್ಬುತಗ್ಗಿಗೆ ಸರಿಯಾಗಿ ಸಣ್ಣ ಗರಗಸದಿಂದ ಕೊರೆದು ಅದರ ಮೇಲೆ ಕೂರಿಸುತ್ತಾರೆ. ನೆಲ ಏರುಪೇರಾಗಿದ್ದರೆ ಪೆನ್ಸಿಲನ್ನು ಮರದ ತುಂಡೊಂದಕ್ಕೆ ಒತ್ತಿ ಹಿಡಿದು ನೆಲದ ಮೇಲೆ ಎಳೆಯುತ್ತಾರೆ. ನೆಲದ ಏರಿಳಿತವೆಲ್ಲ ಹಲಗೆಯ ಮೇಲೆ ಗೆರೆಯಾಗಿ ಮೂಡುತ್ತದೆ, ಆ ಗೆರೆಗೆ ಹಲಗೆಯನ್ನು ಕೆತ್ತುತ್ತಾರೆ. ಕಣ್ಣಿಗೆ ಕಾಣದಂತೆ ಮಾಡಹೊರಟ ಓರೆಕೋರೆಯನ್ನು ಇಂಚಿಂಚೂ ಅಳೆದು ತಿಳಿದುಕೊಳ್ಳದೆ ಈ ಕೆಲಸ ಆಗುವುದೇ ಇಲ್ಲ. ಇದನ್ನು ಸೋಲೆನ್ನಲು ನನಗೆ ಮನಸ್ಸಿಲ್ಲ. ಇದು ಸತ್ಯಕ್ಕೆ ಹತ್ತಿರದ ಶಿಸ್ತು.

ಕೊನೆಯ ಆಕ್ಷೇಪ ನಿಜವಾಗಿಯೂ ಕಾಡುವಂಥದ್ದು. ಹೀಗೆ ಹೇಳುತ್ತ ಹೋದರೆ ಮನೆತನದ ಹುಳುಕನ್ನೋ ಮಠದ ಲೆಕ್ಕಪತ್ರವನ್ನೋ ಮುಚ್ಚಿಡುವವನಿಗೂ ಇದೇ ವಾದ ಸಿಕ್ಕಂತಾಗಲಿಲ್ಲವೇ? ಇಲ್ಲ, ಏಕೆಂದರೆ ಮುಚ್ಚಿದ್ದರಿಂದ ಅಡಿಯಲ್ಲಿರುವುದು ಬದುಕುತ್ತಿದೆಯೇ ಕೊಳೆಯುತ್ತಿದೆಯೇ ಎಂಬ ಪರೀಕ್ಷೆ ಇಲ್ಲೂ ಉಂಟು. ತೇವ ಏರುತ್ತಿರುವ ಗೋಡೆಗೂ ಇದೇ ಹಲಗೆಯನ್ನು ಹೊಡೆಯಬಹುದು, ಅದೇ ಮೊಳೆ, ಅದೇ ಬಣ್ಣ. ಹೊರಗಿನಿಂದ ವ್ಯತ್ಯಾಸ ಕಾಣುವುದಿಲ್ಲ. ಆದರೆ ಹಿಂದೆ ಬೂಷ್ಟು ಹಿಡಿಯುತ್ತದೆ, ಹಲಗೆಯ ಬೆನ್ನು ಲಡ್ಡಾಗುತ್ತದೆ, ಆ ಮನೆಯನ್ನು ಕೊಳ್ಳುವವರು ಮೋಸಹೋಗುತ್ತಾರೆ. ಹಿಗ್ಗುವ ಸಂದಿಯನ್ನು ಮುಚ್ಚಿದಾಗ ಯಾರಿಗೂ ಏನೂ ನಷ್ಟವಿಲ್ಲ, ಕೇಳಿದವರಿಗೆ ಇದ್ದದ್ದನ್ನು ಹೇಳಲು ಸಂಕೋಚವೂ ಇಲ್ಲ. ತೇವವನ್ನು ಮುಚ್ಚಿದವನು ಪ್ರಶ್ನೆಗೇ ಹೆದರುತ್ತಾನೆ. ಹಲಗೆಯ ಮೇಲಂಚಿನ ಕೂದಲೆಳೆಯ ಬಿರುಕಿಗೆ ಸೀಲಂಟ್ ತೀಡುವುದು ಸರಿ. ಅಡ್ಡಾದಿಡ್ಡಿ ಕೊಯ್ದು ಬೆರಳಗಲದ ಬಾಯಿಗೆ ಅದನ್ನೇ ತುಂಬಿದರೆ ಒಂದೆರಡು ಋತುಗಳಲ್ಲಿ ಕಿತ್ತು ಬರುತ್ತದೆ.

ಹಲಗೆ ತರುವ ಮೊದಲು ಗೋಡೆಯ ಬುಡಕ್ಕೆ ಅಂಗೈ ಒತ್ತಿ ನೋಡಿ. ತಣ್ಣಗೆ ಒದ್ದೆ ಅನ್ನಿಸಿದರೆ ಗರಗಸವನ್ನು ಬದಿಗಿಟ್ಟು ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ. ಗೋಡೆ ಒಣಗಿದ್ದರೆ ಧೈರ್ಯವಾಗಿ ಹೊಡೆಯಿರಿ, ಗೋಡೆಗೆ ಮಾತ್ರ.